ಮೂಡಿಗೆರೆಯ ಡಾಕ್ಟರು, ಬ್ರಿಸ್ಬೇನ್ ಪೊಲೀಸರು

ಇಲ್ಲಿಗೆ ಹೊಸದಾಗಿ ಬರುವ ನಮ್ಮ ಹುಡುಗರಿಗೆ ಡಾ. ಮೊಹಮ್ಮದ್ ಹನೀಫ್ ಯಾರು ಅಂತಲೇ ಗೊತ್ತಿಲ್ಲ. ಆಸ್ಟ್ರೇಲಿಯಾದಲ್ಲಿ ವೀಸಾ ಮೇಲೆ ಬದುಕುವವರು ಒಮ್ಮೆಯಾದರೂ ತಿಳಿದುಕೊಳ್ಳಬೇಕಾದ ಕಥೆ ಅದು.

ಮೂಡಿಗೆರೆಯವರು. ಬೆಂಗಳೂರಿನಲ್ಲಿ ಎಂಬಿಬಿಎಸ್, ಆಮೇಲೆ ಇಂಗ್ಲೆಂಡ್, ಅಲ್ಲಿಂದ ಗೋಲ್ಡ್ ಕೋಸ್ಟ್ ಆಸ್ಪತ್ರೆ. ಇಂಗ್ಲೆಂಡ್ ಬಿಡುವಾಗ ತಮ್ಮ ಸಿಮ್ ಕಾರ್ಡನ್ನು ಸಂಬಂಧಿಕನೊಬ್ಬನಿಗೆ ಕೊಟ್ಟರು. ಕುಕ್ಕರ್, ರಗ್ಗು, ಸಿಮ್ಮು, ದೇಶ ಬಿಡುವಾಗ ನಾವೆಲ್ಲ ಹೀಗೇ ಹಂಚುತ್ತೇವೆ ಅಲ್ವಾ? 2007ರ ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪ್ ನುಗ್ಗಿಸಿದವನು ಆ ಸಂಬಂಧಿಕನ ಅಣ್ಣ.

ಜುಲೈ 2ರಂದು ಬ್ರಿಸ್ಬೇನ್ ಏರ್‌ಪೋರ್ಟಿನಲ್ಲಿ ಹನೀಫ್ ಅರೆಸ್ಟ್ ಆದರು. ಕೈಯಲ್ಲಿ ಒನ್ ವೇ ಟಿಕೆಟ್. ಪೊಲೀಸರಿಗೆ ಅಷ್ಟು ಸಾಕಾಯಿತು, ಓಡಿಹೋಗುತ್ತಿದ್ದಾನೆ ಅಂದುಕೊಂಡರು. ಬೆಂಗಳೂರಿನಲ್ಲಿ ಹೆಂಡತಿಗೆ ಕೆಲವೇ ದಿನಗಳ ಹಿಂದೆ ಹೆರಿಗೆಯಾಗಿತ್ತು. ಅಷ್ಟೇ ಅಲ್ಲ, ಹೊರಡುವ ಮುನ್ನ ಹನೀಫರೇ ಆ ಸಿಮ್ ಬಗ್ಗೆ ಮಾತಾಡಲು ಬ್ರಿಟಿಷ್ ಪೊಲೀಸ್ ಅಧಿಕಾರಿಗೆ ಮತ್ತೆ ಮತ್ತೆ ಫೋನ್ ಮಾಡಲು ನೋಡಿದ್ದರು.

ಕಾನೂನಿನ ಪ್ರಕಾರ ಪ್ರಶ್ನೆ ಕೇಳಲು ಹೆಚ್ಚೆಂದರೆ 24 ಗಂಟೆ. ಆದರೆ ಊಟ, ನಿದ್ದೆ, ಕೋರ್ಟಿಗೆ ಅರ್ಜಿ ಹಾಕುವ ಹೊತ್ತು, ಬ್ರಿಟನ್ನಿನಲ್ಲಿ ಈಗ ರಾತ್ರಿ ಅನ್ನುವ ಕಾರಣಕ್ಕೆ ಕಾಯುವ ಹೊತ್ತು, ಇದ್ಯಾವುದೂ ಆ 24 ಗಂಟೆಯ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಮಿತಿಯೂ ಇರಲಿಲ್ಲ. ಹೀಗಾಗಿ ಚಾರ್ಜ್ ಹಾಕದೆ 12 ದಿನ ಒಳಗಿಟ್ಟರು.

ಆಮೇಲೆ ಸಿಮ್ ಕೊಟ್ಟು ಉಗ್ರರಿಗೆ ನೆರವಾದರು ಅಂತ ಚಾರ್ಜ್ ಹಾಕಿದರು. ಸಿಮ್ ಜೀಪಿನಲ್ಲಿ ಸಿಕ್ಕಿತು ಅಂತ ಸರ್ಕಾರಿ ವಕೀಲರು ಕೋರ್ಟಿನಲ್ಲಿ ಹೇಳಿದರು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. ಅದೇ ದಿನ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ವೀಸಾ ರದ್ದು ಮಾಡಿದರು. ವೀಸಾ ಇಲ್ಲದವರನ್ನು ವಲಸೆ ಕಾನೂನಿನಡಿ ಹಿಡಿದಿಡುತ್ತಾರೆ, ಹಾಗಾಗಿ ಜಾಮೀನಿದ್ದೂ ಬಿಡುಗಡೆ ಇಲ್ಲ! ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಹೆದರಿಕೆ ಹುಟ್ಟಿಸುವುದು ಇದೇ. ಕ್ರಿಮಿನಲ್ ಕೇಸಿನಲ್ಲಿ ಸಾಕ್ಷಿ ಬೇಕು, ಜಡ್ಜ್ ಬೇಕು. ವೀಸಾಕ್ಕೆ ಸಚಿವರ ಸಂಶಯ ಸಾಕು.

ಕೇಸ್ ತಿರುಗಿದ್ದು ವಕೀಲ ಸ್ಟೀಫನ್ ಕೀಮ್ ಅವರಿಂದ. ಪೊಲೀಸ್ ವಿಚಾರಣೆಯ ಬರಹವನ್ನು ಅವರೇ ಪತ್ರಿಕೆಗೆ ಕೊಟ್ಟರು, ಕೊಟ್ಟಿದ್ದು ತಾವೇ ಅಂತ ಹೇಳಿಯೂಬಿಟ್ಟರು. ಜನ ಓದಿದರು. ಜುಲೈ 27ಕ್ಕೆ ಕೇಸ್ ಬಿತ್ತು. ವೀಸಾ ರದ್ದು ಮಾಡಿದ್ದು ತಪ್ಪು ಎಂದು ಫೆಡರಲ್ ಕೋರ್ಟ್ ಹೇಳಿತು, ನಂತರದ ಸರ್ಕಾರಿ ತನಿಖೆಯಲ್ಲಿ ಅವರ ವಿರುದ್ಧ ಏನೂ ಸಿಗಲಿಲ್ಲ, 2010ರಲ್ಲಿ ಪರಿಹಾರವೂ ಬಂತು.

ಕಾನೂನು? ಅದೇ ವರ್ಷ ತಿದ್ದಿದರು. ಲೆಕ್ಕಕ್ಕೆ ಬಾರದ ಹೊತ್ತು 7 ದಿನ ದಾಟಬಾರದಂತೆ. ಸುಧಾರಣೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಚಾರ್ಜ್ ಇಲ್ಲದೆ ಒಂದು ವಾರ ಕೂಡಿಹಾಕುವುದು ಈಗ ಕಾನೂನುಬದ್ಧ, ಸುಧಾರಣೆಯ ಹೆಸರಿನಲ್ಲೇ. ಕೋರ್ಟಿನಲ್ಲಿ ಅಪರಾಧ ಸಾಬೀತಾಗದವರ ಓಡಾಟ, ಸಂಪರ್ಕಗಳಿಗೂ ಕಟ್ಟುಪಾಡು ಹಾಕುವ ಕಂಟ್ರೋಲ್ ಆರ್ಡರ್ 2005ರಲ್ಲಿ ಬಂದಾಗ ಆ ಕಾನೂನಿಗೆ 10 ವರ್ಷದ ಗಡುವಿತ್ತು. ಗಡುವು ಬಂದಾಗಲೆಲ್ಲ ಮುಂದೂಡುತ್ತಾ ಬಂದಿದ್ದಾರೆ. 2015ರಿಂದ ಯಾರು ಯಾರಿಗೆ ಫೋನ್ ಮಾಡಿದರು ಅನ್ನುವ ದಾಖಲೆಯನ್ನು ಕಂಪನಿಗಳು ಎರಡು ವರ್ಷ ಇಟ್ಟುಕೊಳ್ಳಲೇಬೇಕು.

'ನಿಮ್ಮಲ್ಲಿ ಎಲ್ಲಾ ರೂಲ್ಸ್ ಪ್ರಕಾರ' ಅಂತ ಊರಲ್ಲಿ ಹೇಳುತ್ತಾರೆ. ಹೌದು, ರೂಲ್ಸ್ ಪ್ರಕಾರವೇ ಆಯಿತು! ಹಾಗಂತ ನಾವು ಬೀಗುವ ಹಾಗೂ ಇಲ್ಲ, 1985ರಲ್ಲಿ ಎರಡು ವರ್ಷಕ್ಕೆ ಅಂತ ಬಂದ ನಮ್ಮ ಭಯೋತ್ಪಾದನೆ ತಡೆ ಕಾನೂನು ಟಾಡಾ 1995ರವರೆಗೆ ಇತ್ತು, ಈಗಿನ ಅಂಥದ್ದೇ ಕಾನೂನು ಯುಎಪಿಎ ಅಡಿಯಲ್ಲಿ ಚಾರ್ಜ್‌ಶೀಟ್ ಇಲ್ಲದೆ 180 ದಿನದವರೆಗೆ ಇಡಬಹುದು.

ನಡತೆಯ ನೆಪದಲ್ಲಿ ವೀಸಾ ಕಿತ್ತುಕೊಳ್ಳುವ ಅಧಿಕಾರ ಸಚಿವರಿಗೆ ಇವತ್ತಿಗೂ ಇದೆ. ಅದಕ್ಕೇ ನಮ್ಮವರು ಯಾವ ಪ್ರತಿಭಟನೆಗೂ ಹೋಗುವುದಿಲ್ಲ, ಯಾವ ಅರ್ಜಿಗೂ ಸಹಿ ಹಾಕುವುದಿಲ್ಲ. ಕೇಳಿದರೆ 'ಪಿಆರ್ (ಕಾಯಂ ವಾಸದ ಅನುಮತಿ) ಬರಲಿ ಇರಿ' ಅನ್ನುತ್ತಾರೆ. ಪಿಆರ್ ಕೂಡ ವೀಸಾನೇ.