ಐಜಿಜಿ ಗೆರೆ

ಸಿಂಗಪುರಕ್ಕೆ ಬಂದು ಆರು ವರ್ಷ. ಇಲ್ಲಿ ನನಗೆ ಸೊಳ್ಳೆ ಕಚ್ಚಿದ್ದೇ ಅಪರೂಪ. ಆದರೂ ಹೋದ ಜೂನ್‌ನಲ್ಲಿ ಜ್ವರ ಬಂತು. ಕಣ್ಣಿನ ಹಿಂದೆ ಒಂದೇ ಸಮ ನೋವು, ಮೈಕೈಯೆಲ್ಲ ಮುರಿದು ಹಾಕಿದ ಹಾಗೆ. ನಮ್ಮ ಬ್ಲಾಕ್ ಕೆಳಗೆ ಡೆಂಗ್ಯೂ ಬ್ಯಾನರ್ ಬೇರೆ ಕಟ್ಟಿದ್ದರು, ಕೆಂಪು ಬಣ್ಣದ್ದು. ಸುತ್ತಮುತ್ತ ಹತ್ತು ಜನಕ್ಕೆ ಬಂದರೆ ಕೆಂಪು ಕಟ್ಟುತ್ತಾರೆ.

ಕ್ಲಿನಿಕ್‌ನಲ್ಲಿ ರಕ್ತ ತೆಗೆದು ಕಿಟ್ ಮೇಲೆ ಬಿಟ್ಟರು. ಎನ್‌ಎಸ್‌1 (ಡೆಂಗ್ಯೂ ವೈರಸ್‌ನದೇ ಒಂದು ಪ್ರೋಟೀನು) ಅಂತ ಇದ್ದ ಕಡೆ ಗೆರೆ ಮೂಡಿತು. ಡೆಂಗ್ಯೂ, ಸರಿ. ಪಕ್ಕದಲ್ಲಿ ಐಜಿಜಿ (ಸೋಂಕಿನ ವಿರುದ್ಧ ಮೈ ತಯಾರಿಸುವ ಒಂದು ಪ್ರತಿಕಾಯ) ಅಂತ ಇದ್ದಲ್ಲೂ ಒಂದು ತೆಳು ಗೆರೆ. ಡಾಕ್ಟರ್ ಕಿಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.

"ಮುಂಚೆ ಯಾವಾಗ ಬಂದಿತ್ತು?"

"ಬಂದೇ ಇಲ್ಲ."

"ಬಂದಿರಬೇಕು. ಮೂರನೇ ದಿನಕ್ಕೇ ಇದು ಕಾಣಿಸಿದರೆ ಸಾಮಾನ್ಯವಾಗಿ ಎರಡನೇ ಸಲ."

ವಿಜಯನಗರದ ಮನೆಗೆ ಫೋನ್ ಮಾಡಿದೆ. ಅಮ್ಮ ಸ್ವಲ್ಪ ಹೊತ್ತು ಯೋಚಿಸಿದಳು. "ಎಂಟನೇ ಕ್ಲಾಸಲ್ಲಿ ಗಣೇಶನ ಹಬ್ಬಕ್ಕೆ ಐದು ದಿನ ಮಲಗಿದ್ಯಲ್ಲೇ. ಕಡುಬು ಕೂಡ ಮುಟ್ಟಲಿಲ್ಲ. ವೈರಲ್ ಫೀವರ್ ಅಂದಿದ್ರು."

ಅದೇ ಇರಬೇಕು. ಡೆಂಗ್ಯೂ ತಗುಲಿದವರಲ್ಲಿ ಬಹಳಷ್ಟು ಜನಕ್ಕೆ ಅದು ಗೊತ್ತೇ ಆಗುವುದಿಲ್ಲ. ಆದರೆ ರಕ್ತದಲ್ಲಿ ಈ ಐಜಿಜಿ ಪ್ರತಿಕಾಯ ವರ್ಷಾನುಗಟ್ಟಲೆ ಉಳಿಯುತ್ತದೆ. 2017–18ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 15 ರಾಜ್ಯಗಳಲ್ಲಿ 12,300 ಜನರ ರಕ್ತ ಪರೀಕ್ಷೆ ಮಾಡಿಸಿತ್ತು. ಒಟ್ಟಾರೆ ದೇಶದ ಲೆಕ್ಕದಲ್ಲಿ ಶೇ 48.7 ಜನರಿಗೆ ಡೆಂಗ್ಯೂ ಆಗಿಹೋಗಿತ್ತು. ದಕ್ಷಿಣ ಭಾರತದಲ್ಲಿ ಶೇ 76.9. ನಾಲ್ವರಲ್ಲಿ ಮೂವರು! ನಮ್ಮ ರಸ್ತೆಯ ಮನೆಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಎದೆ ಝಲ್ ಅಂದಿತು.

ಯಾಕೆ ಅಂದರೆ, ಒಂದು ಸಲ ಬಂದಿದ್ದರೆ ಇನ್ನು ಭಯ ಇಲ್ಲ ಅನ್ನುವ ಹಾಗಿಲ್ಲ. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ ಇದೆ. ಒಂದರ ಪ್ರತಿಕಾಯ ಇನ್ನೊಂದನ್ನು ತಡೆಯದೆ, ಕೆಲವೊಮ್ಮೆ ಅದು ಜೀವಕೋಶದೊಳಗೆ ನುಗ್ಗಲು ದಾರಿ ಮಾಡಿಕೊಡುತ್ತದೆ. ಹಾಗಾಗಿ ಎರಡನೇ ಸಲವೇ ಅಪಾಯ ಜಾಸ್ತಿ. ನನಗೆ ದಿನಾ ರಕ್ತ ಪರೀಕ್ಷೆಗೆ ಬರಲು ಹೇಳಿದರು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ ಅಂದರು. ಜ್ವರ ಇಳಿದ ಮೇಲೆ ಒಂದೆರಡು ದಿನ ಇನ್ನೂ ಹುಷಾರಾಗಿರಬೇಕಂತೆ. ನಾವೆಲ್ಲ ಜ್ವರ ಬಿಟ್ಟ ಕೂಡಲೇ ಆಫೀಸಿಗೆ ಹೊರಡುವವರು, ಅಲ್ವಾ?

ಸಿಂಗಪುರದ ಕಥೆ ಬೇರೆ. ದಶಕಗಳಿಂದ ಸೊಳ್ಳೆಯನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಾರೆ. ಹೂಕುಂಡದ ತಟ್ಟೆಗೂ ಟಾರ್ಚ್ ಬಿಟ್ಟು ನೋಡುತ್ತಾರೆ. ಹಾಗಾಗಿ ಇಲ್ಲಿನ ಹುಡುಗರಲ್ಲಿ ಪ್ರತಿಕಾಯ ಕಡಿಮೆ, ಯಾವ ಬಗೆ ಬಂದರೂ ಸುಲಭವಾಗಿ ತಗುಲುತ್ತದೆ. 2020ರಲ್ಲಿ 35,000ಕ್ಕೂ ಜಾಸ್ತಿ ಜನಕ್ಕೆ ಡೆಂಗ್ಯೂ ಬಂದಿದ್ದಕ್ಕೆ ಅದೂ ಒಂದು ಕಾರಣ. ಆದರೂ ಟಾರ್ಚ್ ಕೆಳಗಿಟ್ಟಿಲ್ಲ. ನಮ್ಮಲ್ಲೂ 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿ, ನಗರದಲ್ಲಿ ನೀರು ನಿಲ್ಲಿಸಿಕೊಂಡ ಮನೆಗೆ 400 ರೂಪಾಯಿ ದಂಡ ಇಟ್ಟಿತು. ಒಳ್ಳೆಯದೇ ಆಯಿತು. ಆದರೆ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಊರಲ್ಲಿ ಅಮ್ಮ ಡ್ರಮ್ ತುಂಬಿಸದೆ ಏನು ಮಾಡಬೇಕು?

ವಿಡಿಯೋ ಕಾಲ್‌ನಲ್ಲಿ ಹಿತ್ತಲಿನ ನೀಲಿ ಡ್ರಮ್ ತೋರಿಸು ಅಂದೆ. ಮುಚ್ಚಳ ಒಡೆದಿತ್ತು. ಒಳಗೆ ಅಂಚಿನ ಸುತ್ತ ಕಪ್ಪು ಪಾಚಿ. ಮೊಟ್ಟೆ ಅಂಟಿಕೊಳ್ಳುವುದು ಅಲ್ಲೇ. ನೀರು ಚೆಲ್ಲಿದರೂ ಹೋಗುವುದಿಲ್ಲ, ಉಜ್ಜಬೇಕು.

"ಭಾನುವಾರ ಉಜ್ಜಿಸ್ತೀನಿ ಬಿಡು."

"ಭಾನುವಾರದ ಹೊತ್ತಿಗೆ ಹಾರಿಹೋಗಿರುತ್ತಮ್ಮ."

ಅಮ್ಮ ಫೋನನ್ನು ಕಿಟಕಿಗೆ ಒರಗಿಸಿಟ್ಟು ತೆಂಗಿನ ನಾರು ಹುಡುಕಲು ಹೋದಳು. ನಾನು ಕಾಲ್ ಕಟ್ ಮಾಡಲಿಲ್ಲ. ಹತ್ತು ನಿಮಿಷ ಡ್ರಮ್ ಉಜ್ಜುವ ಸದ್ದು ಕೇಳುತ್ತಾ ಕೂತಿದ್ದೆ.