ಎರಡು ಫೈಲ್, ಒಂದೇ ಮಂಗಳವಾರ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಆಸ್ಪತ್ರೆಯಿಂದ ಮನೆಗೆ ಬಂದು 2 ವರ್ಷ ಆಯಿತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ತುಂಬಾ ಕಡಿಮೆಯಾಗಿವೆ, ನಿದ್ದೆ ಬರುತ್ತದೆ, ಕೆಲಸಕ್ಕೆ ಹೋಗಬೇಕು ಅಂತ ಅವನೇ ಹೇಳತೊಡಗಿದ. ಒಂದು ತರಬೇತಿ ಕೇಂದ್ರಕ್ಕೆ ಸೇರಿಸಿದೆವು.

ತಾಪತ್ರಯ ಅಲ್ಲಿಂದ ಶುರು. ಅವನಿಗೆ 4 ವಾರಕ್ಕೊಮ್ಮೆ ಇಂಜೆಕ್ಷನ್, ಅದೂ ಮಂಗಳವಾರ ಬೆಳಿಗ್ಗೆ. ತರಬೇತಿಯಲ್ಲಿ ಹೊಸ ಪಾಠ ಹೇಳಿಕೊಡುವುದೂ ಮಂಗಳವಾರ ಬೆಳಿಗ್ಗೆಯೇ. ಎರಡು ಸಲ ಗೈರುಹಾಜರಾದ, ಎಚ್ಚರಿಕೆ ಕೊಟ್ಟರು. ಹೆದರಿ ಮುಂದಿನ ಸಲ ಇಂಜೆಕ್ಷನ್ ಬಿಟ್ಟು ಪಾಠಕ್ಕೆ ಹೋದ. ಕ್ಲಿನಿಕ್‌ನವರು 'ಚಿಕಿತ್ಸೆಗೆ ಸಹಕರಿಸುತ್ತಿಲ್ಲ' ಅಂತ ಬರೆದರು. ಅದರ ಮುಂದಿನ ತಿಂಗಳು ಇಂಜೆಕ್ಷನ್‌ಗೆ ಹೋದ, ಕೇಂದ್ರದವರು 'ಆಸಕ್ತಿ ಇಲ್ಲ' ಅಂತ ಬರೆದು ಹೆಸರನ್ನೇ ಹೊಡೆದು ಹಾಕಿದರು.

ಎರಡೂ ಕಡೆಯವರು ಒಳ್ಳೆಯವರೇ. ಒಬ್ಬರ ಹತ್ತಿರ ಇನ್ನೊಬ್ಬರ ಫೋನ್ ನಂಬರ್ ಇರಲಿಲ್ಲ, ಅಷ್ಟೇ. ನಡುವೆ ಫೈಲ್ ಹಿಡಿದು ಓಡಾಡುತ್ತಿದ್ದವಳು ನಾನು. ಮಾತ್ರೆ ಬದಲಾದರೆ ಕೇಂದ್ರಕ್ಕೆ ನಾನೇ ಹೇಳಬೇಕು, ನಾನು ಮರೆತೆನೋ, ಅವನು ಬೆಳಿಗ್ಗೆ ತೂಕಡಿಸುವುದಕ್ಕೆ ಸೋಮಾರಿತನ ಅಂತ ಹೆಸರು ಬೀಳುತ್ತದೆ.

ಇದೇನು ಹೊಸ ತಲೆನೋವಲ್ಲ. ವಾರ್ಡಿನಲ್ಲಿ ಚೇತರಿಸಿಕೊಂಡವರು ಹೊರಗೆ ಹೋಗಿ ಸ್ವಲ್ಪ ದಿನಕ್ಕೇ ಮತ್ತೆ ಬಂದು ಸೇರುವುದನ್ನು 1970ರ ದಶಕದ ಶುರುವಿನಲ್ಲಿ ಅಮೆರಿಕದ ಮ್ಯಾಡಿಸನ್‌ನ ಮಾನಸಿಕ ಆಸ್ಪತ್ರೆಯಲ್ಲಿದ್ದ ಆರ್ನಾಲ್ಡ್ ಮಾರ್ಕ್ಸ್, ಲಿಯೊನಾರ್ಡ್ ಸ್ಟೈನ್ ಮತ್ತು ಮೇರಿ ಆನ್ ಟೆಸ್ಟ್ ನೋಡಿ ನೋಡಿ ಸಾಕಾಗಿ, ವಾರ್ಡಿನ ಸಿಬ್ಬಂದಿಯನ್ನೇ ಊರೊಳಗೆ ಕಳಿಸಿದರು. ವೈದ್ಯರು, ನರ್ಸ್, ಸಮಾಜ ಕಾರ್ಯಕರ್ತರು ಎಲ್ಲ ಒಂದೇ ತಂಡ. ಮನೆ ಹುಡುಕುವುದು, ಬಟ್ಟೆ ಒಗೆಯಲು ಕಲಿಸುವುದು, ಕೆಲಸ ಕೊಟ್ಟವರ ಜೊತೆ ಮಾತಾಡುವುದು, ಎಲ್ಲ ಅವರದೇ ಹೊಣೆ. ಈ ಮಾದರಿಯಲ್ಲಿ ಒಬ್ಬ ಸಿಬ್ಬಂದಿಗೆ ಸುಮಾರು 10 ಜನ, ಅದಕ್ಕಿಂತ ಜಾಸ್ತಿ ಬೇಡ ಅನ್ನುತ್ತಾರೆ. ಆಮೇಲೆ ಬಂದ ಐಪಿಎಸ್ ಪದ್ಧತಿಯಲ್ಲಂತೂ (ಪೊಲೀಸ್ ಅಲ್ಲ ಮಾರಾಯ್ರೇ, ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಅಂದರೆ ಒಬ್ಬೊಬ್ಬರಿಗೂ ಕೆಲಸ ಹುಡುಕಿಕೊಟ್ಟು ಜೊತೆಗಿರುವುದು!) ಕೆಲಸ ಹುಡುಕಿಕೊಡುವವರು ಚಿಕಿತ್ಸೆ ತಂಡದ ಮೀಟಿಂಗ್‌ನಲ್ಲೇ ಕೂರುತ್ತಾರೆ. ತಿಂಗಳುಗಟ್ಟಲೆ ತರಬೇತಿ ಅಂತ ಕಾಯಿಸದೆ ಮೊದಲು ನಿಜವಾದ ಕೆಲಸ, ಕಲಿಯುವುದು ಅಲ್ಲೇ. ಹಳೆ ದಾರಿಗಿಂತ ಹೀಗೆ ಜಾಸ್ತಿ ಜನರಿಗೆ ಕೆಲಸ ಸಿಕ್ಕಿದ್ದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ.

ನಮಗೆ ಅಂಥ ತಂಡ ಇಲ್ಲ. ಕ್ಲಿನಿಕ್‌ಗೂ ಕೇಂದ್ರಕ್ಕೂ ನಡುವೆ ಹೆಸರಿಗೊಂದು ಸಮನ್ವಯ ಸಮಿತಿ ಇದೆ, ಸಹಿ ಹಾಕಿದ ಒಪ್ಪಂದ ಇದೆ, ಫೋಟೋ ಕೂಡ ಇದೆ. ಮಂಗಳವಾರ ಯಾರು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಕೊನೆಗೆ ಕ್ಲಿನಿಕ್‌ನ ಒಬ್ಬ ನರ್ಸ್, ಕೇಂದ್ರದವರ ಜೊತೆ ನಾನೇ ಮಾತಾಡುತ್ತೇನೆ ಅಂದರು. ನಾನು ಸರಿ ಅನ್ನುವಷ್ಟರಲ್ಲಿ ತಮ್ಮ ತಡೆದ.

"ಏನು ಹೇಳ್ತೀರಾ ಅವರಿಗೆ? ನನ್ನನ್ನ ಕೇಳಬೇಕಲ್ವಾ?"

ನನಗೆ ನಾಚಿಕೆಯಾಯಿತು. ಇಷ್ಟು ದಿನ ಫೈಲ್ ಹಿಡಿದು ಸಿಕ್ಕವರಿಗೆಲ್ಲ ಎಲ್ಲವನ್ನೂ ಹೇಳಿದ್ದೆನಲ್ಲ, ಅವನನ್ನು ಒಂದು ಮಾತು ಕೇಳಿರಲಿಲ್ಲ. ಅವನೇ ಕೂತು ಅರ್ಧ ಹಾಳೆಯಲ್ಲಿ ಬರೆದ. ಇಂಜೆಕ್ಷನ್ ದಿನ ಹೇಳಬಹುದು. ಬೆಳಿಗ್ಗೆ ಮಂಪರು ಇರುತ್ತದೆ ಅಂತ ಹೇಳಬಹುದು. ದನಿಗಳು ಏನು ಹೇಳುತ್ತಿದ್ದವು ಅನ್ನುವುದು ಯಾರಿಗೂ ಬೇಡ. ಕೆಳಗೆ ಸಹಿ.

ಫೋನ್ ಮಾತು 4 ನಿಮಿಷದಲ್ಲಿ ಮುಗಿಯಿತು. ಇಂಜೆಕ್ಷನ್ ಶುಕ್ರವಾರ ಮಧ್ಯಾಹ್ನಕ್ಕೆ ಹೋಯಿತು, ಹೆಸರು ಮತ್ತೆ ಪಟ್ಟಿಗೆ ಬಂತು.

ಈಗ ಆ ನರ್ಸ್‌ಗೆ ವರ್ಗಾವಣೆ ಆಗಿದೆ. ಹೊಸಬರಿಗೆ ಕೊಡಲು ತಮ್ಮ ಆ ಅರ್ಧ ಹಾಳೆಯ ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದಾನೆ.