ಮೇಗುತಿ ಬೆಟ್ಟಕ್ಕೆ ಹೊರಟವರಿಗೆ: ರವಿಕೀರ್ತಿಯ ಶಾಸನ ನೋಡುವ ಬಗೆ

ಐಹೊಳೆಗೆ ಬಂದವರು ಬಹುಪಾಲು ದುರ್ಗ ಗುಡಿ, ಲಾಡಖಾನ್ ಗುಡಿ ನೋಡಿ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ಇಮ್ಮಡಿ ಪುಲಕೇಶಿಯ ಆಸ್ಥಾನದಲ್ಲಿ ಎಂಥ ವಿದ್ವತ್ತಿತ್ತು ಎನ್ನುವುದಕ್ಕೆ ಕಲ್ಲಿನ ಸಾಕ್ಷಿಯಾದ ಆಸ್ಥಾನಕವಿ ರವಿಕೀರ್ತಿಯ ಶಾಸನ ಇರುವುದು ಊರ ಪಕ್ಕದ ಬೆಟ್ಟದ ಮೇಲೆ, ಮೇಗುತಿ ಜಿನಾಲಯದಲ್ಲಿ. ದಯವಿಟ್ಟು ಅದನ್ನು ಬಿಡಬೇಡಿ.

ಬಾದಾಮಿಯಿಂದ ಐಹೊಳೆಗೆ ಪಟ್ಟದಕಲ್ಲಿನ ಮೇಲಿಂದ ಸುಮಾರು 35 ಕಿ.ಮೀ. ಬಸ್ಸುಗಳು ಕಡಿಮೆ. ಇಳಿಯುವಾಗಲೇ ಮರಳುವ ಬಸ್ಸಿನ ಸಮಯ ಕೇಳಿಕೊಳ್ಳಿ. ಮೆಟ್ಟಿಲ ದಾರಿಯಲ್ಲಿ ಎರಡಂತಸ್ತಿನ ಬೌದ್ಧ ವಿಹಾರ ಸಿಗುತ್ತದೆ, ದಣಿವಾರಿಸಿಕೊಳ್ಳಲು ಒಳ್ಳೆಯ ಜಾಗ. ಮೇಲೆ ನೆರಳಿಲ್ಲ, ತಲೆಗೆ ಒಂದು ಬಟ್ಟೆ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಇರಲಿ.

ಗುಡಿ ಉತ್ತರಕ್ಕೆ ಮುಖಮಾಡಿದೆ. ಬಾಗಿಲಿಗೆ ಎದುರಾಗಿ ನಿಂತರೆ ಎಡಗಡೆಯ ಹೊರಗೋಡೆಯಲ್ಲಿ, ಅಂದರೆ ಪೂರ್ವಕ್ಕೆ, ಶಾಸನವಿದೆ. ಬೆಳಗಿನ ಬಿಸಿಲು ಗೋಡೆಗೆ ನೇರವಾಗಿ ಬಡಿಯುವುದರಿಂದ ಅಕ್ಷರಗಳು ಚಪ್ಪಟೆಯಾಗಿ ಕಾಣುತ್ತವೆ. ಹನ್ನೊಂದರ ಹೊತ್ತಿಗೆ ಬಿಸಿಲು ಮೇಲಿಂದ ಓರೆಯಾಗಿ ಸವರಿದಾಗ ಕೊರೆದ ಗೆರೆಗಳಲ್ಲಿ ನೆರಳು ಕೂತು ಒಂದೊಂದೂ ಎದ್ದುಬರುತ್ತದೆ. ಮಧ್ಯಾಹ್ನದ ನಂತರ ಹೋದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸೀಮೆಸುಣ್ಣ ಸವರುವುದು, ನೀರು ಚಿಮುಕಿಸುವುದು ಖಂಡಿತ ಬೇಡ, ಕಲ್ಲು ಕೆಡುತ್ತದೆ.

ಲಿಪಿ ಹಳೆಯ ಕನ್ನಡದ್ದು, ಭಾಷೆ ಸಂಸ್ಕೃತ. ಕನ್ನಡವೆಂದುಕೊಂಡು ಓದತೊಡಗಿದವರು ಮೊದಲ ಸಾಲಿನಲ್ಲೇ ಸೋಲುತ್ತಾರೆ. ಪದಗಳ ನಡುವೆ ತೆರಪೂ ಇಲ್ಲ. ಅದಕ್ಕೇ 37 ಶ್ಲೋಕಗಳ ಪಾಠವನ್ನು ಇಂದಿನ ಕನ್ನಡ ಲಿಪಿಯಲ್ಲಿ ಅಚ್ಚುಹಾಕಿಸಿ ಒಯ್ಯಿರಿ. ಎಲ್ಲ ಓದಲು ಆಗದಿದ್ದರೂ ಮೂರನ್ನು ಹುಡುಕಿ. ಒಂದು, ಪುಲಕೇಶಿಯ ಎದುರು ಉತ್ತರದ ಅರಸ ಹರ್ಷನ ಸೋಲು: ಭಯದಿಂದ ಹರ್ಷ ಕಳೆದುಕೊಂಡ ಹರ್ಷ ಎಂಬ ಶ್ಲೇಷೆ. ಎರಡು, ಕಾಲ: ಮಹಾಭಾರತ ಯುದ್ಧದಿಂದ 3735 ವರ್ಷ, ಶಕ 556, ಅಂದರೆ ಕ್ರಿ.ಶ. 634-35.

ಮೂರನೆಯದರ ಮುಂದೆ ನಿಧಾನವಾಗಿ ನಿಲ್ಲಿ. ‘ಯೇನಾಯೋಜಿ ನವೇಶ್ಮ’ ಎಂದು ಶುರುವಾಗುವಲ್ಲೇ ‘ಜಿನವೇಶ್ಮ’, ಅಂದರೆ ಜಿನನ ಮನೆ, ಅಡಗಿದೆ. ‘ಕಾಲಿದಾಸಭಾರವಿಕೀರ್ತಿಃ’ ಎಂದು ಮುಗಿಯುವಲ್ಲಿ, ಕಾಳಿದಾಸ, ಭಾರವಿ ಎಂಬ ಕವಿಗಳ ಕೀರ್ತಿಯ ಮಾತಿನೊಳಗೇ, ‘ರವಿಕೀರ್ತಿ’ ಎಂದು ಕವಿಯ ಹೆಸರೇ ಕೂತಿದೆ. ಬಾಯಿಬಿಟ್ಟು ಹೇಳಿಕೊಂಡರೆ ಮಾತ್ರ ಇದು ಕಿವಿಗೆ ದಕ್ಕುತ್ತದೆ. ಕಾಳಿದಾಸ ಇದಕ್ಕಿಂತ ಹಿಂದಿನವನೆಂದು ವಿದ್ವಾಂಸರು ಖಚಿತವಾಗಿ ಹೇಳುವುದೂ ಈ ಸಾಲಿನ ಬಲದಿಂದ.

ಬೆಟ್ಟಕ್ಕೆ ಎರಡು ಗಂಟೆ ಮೀಸಲಿಡಿ. ಬಾದಾಮಿಗೆ ಮರಳಿದ ಮೇಲೆ ಹೊತ್ತು ಉಳಿದರೆ ಮೂರನೇ ಗುಹೆಗೆ ಹೋಗಿ. ಪುಲಕೇಶಿಯ ಚಿಕ್ಕಪ್ಪ ಮಂಗಲೇಶನ ಶಕ 500ರ ಶಾಸನ ಅಲ್ಲಿದೆ.